ಒಟ್ಟು ಕಾಯಿಲೆಯಲ್ಲಿ ತಂಬಾಕಿನ ಪಾಲೆಷ್ಟು? ಪಿಎಎಫ್ ಲೆಕ್ಕ ಹಾಕುವ ಬಗೆ, ಹಂತ ಹಂತವಾಗಿ

ಸಮುದಾಯ ವೈದ್ಯಶಾಸ್ತ್ರದ ಪಿಜಿ ವಿದ್ಯಾರ್ಥಿಗಳು, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದುತ್ತಿರುವವರು, ಆರೋಗ್ಯದ ಸುದ್ದಿ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ತಂಬಾಕಿನಿಂದ ಅಪಾಯ ಎಷ್ಟು ಪಟ್ಟು ಹೆಚ್ಚುತ್ತದೆ ಅಂತ ಗೊತ್ತು, ಎಷ್ಟು ಜನ ಬಳಸುತ್ತಾರೆ ಅಂತಲೂ ಗೊತ್ತು. ಹಾಗಾದರೆ ಊರಿನ ಒಟ್ಟು ಕಾಯಿಲೆಯಲ್ಲಿ ತಂಬಾಕಿನ ಪಾಲೆಷ್ಟು?" ಈ ಪಾಲಿಗೆ ಪಿಎಎಫ್ ಎಂದು ಹೆಸರು. ಉತ್ತರ ಕೊಡುವ ಸೂತ್ರ ಒಂದೇ ಸಾಲಿನದು. ಜನ ಎಡವುವುದು ಅದರೊಳಗೆ ಯಾವ ಅಂಕಿ ಹಾಕಬೇಕು ಅನ್ನುವಲ್ಲಿ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಅಂಕಿಗಳ ಆಯ್ಕೆಗೇ ಮೀಸಲು.

ಮೊದಲು ನಾಲ್ಕು ಪದಗಳು

ಒಡ್ಡಿಕೆ: ಕಾಯಿಲೆ ತರಬಹುದಾದ ಸಂಗತಿಗೆ ಮೈ ಒಡ್ಡಿಕೊಳ್ಳುವುದು. ಬೀಡಿ, ಗುಟ್ಕಾ, ಒಲೆಯ ಹೊಗೆ, ಕಲ್ನಾರಿನ (ಆಸ್ಬೆಸ್ಟಾಸ್) ಧೂಳು, ಯಾವುದೂ ಆಗಬಹುದು.

ರಿಲೇಟಿವ್ ರಿಸ್ಕ್, ಚಿಕ್ಕದಾಗಿ ಆರ್‌ಆರ್: ಒಡ್ಡಿಕೊಂಡವರಲ್ಲಿ ಕಾಯಿಲೆ ಬರುವ ಪ್ರಮಾಣವನ್ನು ಒಡ್ಡಿಕೊಳ್ಳದವರಲ್ಲಿ ಬರುವ ಪ್ರಮಾಣದಿಂದ ಭಾಗಿಸಿದರೆ ಸಿಗುವ ಸಂಖ್ಯೆ.

ಆಡ್ಸ್ ರೇಶಿಯೋ: ಕಾಯಿಲೆಯವರನ್ನೂ ಕಾಯಿಲೆ ಇಲ್ಲದವರನ್ನೂ ಆರಿಸಿಕೊಂಡು ಹಿಂದಿನ ಅಭ್ಯಾಸ ವಿಚಾರಿಸುವ ಕೇಸ್–ಕಂಟ್ರೋಲ್ ಅಧ್ಯಯನದಲ್ಲಿ ಆರ್‌ಆರ್ ನೇರವಾಗಿ ಸಿಗುವುದಿಲ್ಲ, ಇದು ಸಿಗುತ್ತದೆ. ರೋಗಿಗಳಲ್ಲಿ ಒಡ್ಡಿಕೊಂಡವರು ÷ ಒಡ್ಡಿಕೊಳ್ಳದವರು ಎಂಬ ಅನುಪಾತವನ್ನು ಕಾಯಿಲೆ ಇಲ್ಲದವರಲ್ಲಿನ ಅದೇ ಅನುಪಾತದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಕಾಯಿಲೆ ಅಪರೂಪದ್ದಾದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ.

ಪಿಎಎಫ್, ಅಂದರೆ ಪಾಪ್ಯುಲೇಶನ್ ಆಟ್ರಿಬ್ಯೂಟಬಲ್ ಫ್ರ್ಯಾಕ್ಷನ್: ಆ ಒಡ್ಡಿಕೆ ಇಲ್ಲದೇ ಹೋಗಿದ್ದರೆ, ಬೇರೆಲ್ಲ ಹಾಗೇ ಇದ್ದು, ಇಡೀ ಜನಸಮುದಾಯದ ಕಾಯಿಲೆಯಲ್ಲಿ ಎಷ್ಟು ಭಾಗ ಆಗುತ್ತಿರಲಿಲ್ಲ ಎಂಬ ಅಂದಾಜು. ಇದು ಒಡ್ಡಿಕೊಂಡವರಲ್ಲಿ ಮಾತ್ರ ಲೆಕ್ಕ ಹಾಕುವ ಪಾಲಿಗಿಂತ ಬೇರೆ. ಆ ಪಾಲು (ಆರ್‌ಆರ್ − 1) ÷ ಆರ್‌ಆರ್. ಎರಡನ್ನೂ ಬೆರೆಸಿ ಬರೆದ ವರದಿಗಳು ಬೇಕಾದಷ್ಟಿವೆ.

ಹಂತ 1: "ಇಲ್ಲದೇ ಹೋಗಿದ್ದರೆ" ಅಂದರೆ ಏನು ಅಂತ ಬರೆದಿಡಿ

ಲೆಕ್ಕಕ್ಕೆ ಕೂರುವ ಮುಂಚೆ ಹೋಲಿಕೆಯ ಮಟ್ಟವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಧೂಮಪಾನವಾದರೆ "ಯಾರೂ ಎಂದೂ ಸೇದಿರಲಿಲ್ಲ" ಅನ್ನುವುದೂ "ಇವತ್ತು ಎಲ್ಲರೂ ಬಿಟ್ಟರು" ಅನ್ನುವುದೂ ಬೇರೆ ಬೇರೆ. ಬಿಟ್ಟವರ ಅಪಾಯ ಮರುದಿನವೇ ಎಂದೂ ಸೇದದವರ ಮಟ್ಟಕ್ಕೆ ಇಳಿಯುವುದಿಲ್ಲ. ಪಿಎಎಫ್ ಸಾಮಾನ್ಯವಾಗಿ ಹೇಳುವುದು ಮೊದಲನೆಯದನ್ನು. ಅದನ್ನು ಎರಡನೆಯದರಂತೆ ಓದಿಕೊಂಡು "ಇಂದೇ ನಿಷೇಧಿಸಿದರೆ ಮುಂದಿನ ವರ್ಷ ಇಷ್ಟು ಸಾವು ತಪ್ಪುತ್ತದೆ" ಎಂದು ಬರೆಯುವುದು ತಪ್ಪು.

ವಾಯುಮಾಲಿನ್ಯದಂಥ ಏರಿಳಿಯುವ ಒಡ್ಡಿಕೆಯಲ್ಲಿ ಈ ಆಯ್ಕೆಯೇ ಉತ್ತರವನ್ನು ಬದಲಿಸಿಬಿಡುತ್ತದೆ. ಅಮೆರಿಕದ ನಗರಗಳ ಮೇಲೆ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಪಿಎಂ 2.5 (ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳು) ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದಾಗ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು ಶೇ 8 ಏರಿತ್ತು. ನಿಮ್ಮ ಊರಿನ ವಾರ್ಷಿಕ ಸರಾಸರಿ 40, ಅಂದರೆ ಭಾರತದ ರಾಷ್ಟ್ರೀಯ ಮಿತಿಯಷ್ಟೇ ಅಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ 5ಕ್ಕೆ ಹೋಲಿಸಿದರೆ ವ್ಯತ್ಯಾಸ 35. 1.08ರ 3.5ನೇ ಘಾತ 1.309. ಊರಿನವರೆಲ್ಲ ಒಡ್ಡಿಕೊಂಡವರೇ, ಹಾಗಾಗಿ ಪಾಲು (1.309 − 1) ÷ 1.309, ಶೇ 23.6. ಸೊನ್ನೆಗೆ ಹೋಲಿಸಿದರೆ ಶೇ 26.5. ರಾಷ್ಟ್ರೀಯ ಮಿತಿಗೇ ಹೋಲಿಸಿದರೆ ಪಾಲು ಸೊನ್ನೆ! ಗಾಳಿ ಅದೇ, ಊರು ಅದೇ. ಇನ್ನೊಂದು ಎಚ್ಚರಿಕೆ: ಆ ಶೇ 8 ಬಂದದ್ದು ನಮ್ಮ ನಗರಗಳಿಗಿಂತ ಬಹಳ ಸ್ವಚ್ಛವಾದ ಗಾಳಿಯಲ್ಲಿ. ಅದೇ ಏರಿಕೆ 100 ಮೈಕ್ರೋಗ್ರಾಂವರೆಗೂ ನೇರವಾಗಿ ಸಾಗುತ್ತದೆ ಎಂದುಕೊಂಡರೆ ಅಂದಾಜು ಉಬ್ಬುತ್ತದೆ.

ಹಂತ 2: ಅಂಕಿ ಜೋಡಿಸಿಕೊಳ್ಳಿ

ಬೇಕಾದದ್ದು ಮೂರು: ಆರ್‌ಆರ್ ಅಥವಾ ಆಡ್ಸ್ ರೇಶಿಯೋ, ಜನರಲ್ಲಿ ಒಡ್ಡಿಕೆಯ ಪ್ರಮಾಣ, ಮತ್ತು ಸಾಧ್ಯವಾದರೆ ರೋಗಿಗಳಲ್ಲಿ ಒಡ್ಡಿಕೆಯ ಪ್ರಮಾಣ. ಮೂರನೆಯದು ಬೇಕಿಲ್ಲ ಎಂದು ಹಲವರು ಬಿಟ್ಟುಬಿಡುತ್ತಾರೆ. ಅದು ಯಾಕೆ ಬೇಕು ಎಂಬುದು ಹಂತ 4ರಲ್ಲಿದೆ.

ಕರ್ನಾಟಕದ ತಂಬಾಕಿನ ಪ್ರಮಾಣಕ್ಕೆ ಹೆಚ್ಚಿನವರು ಬಳಸುವುದು ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಎರಡನೇ ಸುತ್ತು, 2016–17ರದು. ಅದರಲ್ಲಿ ಧೂಮಪಾನ ಮಾಡುವ ವಯಸ್ಕರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3, ಯಾವುದಾದರೂ ಒಂದು ರೂಪದಲ್ಲಿ ಬಳಸುವವರು ಶೇ 22.8. ಮೊದಲ ಎರಡನ್ನು ಕೂಡಿಸಿ ನೋಡಿ: 25.1 ಬರುತ್ತದೆ. ಹೆಚ್ಚುವರಿ 2.3 ಎರಡನ್ನೂ ಬಳಸುವವರದ್ದು. ಆದ್ದರಿಂದ ಕೋಷ್ಟಕದಲ್ಲಿ ಧೂಮಪಾನ ಮಾತ್ರ 6.5, ಹೊಗೆರಹಿತ ಮಾತ್ರ 14.0, ಎರಡೂ 2.3 ಎಂದು ಮೂರು ಗುಂಪು ಮಾಡಬೇಕು. ಹಾಗೆ ಮಾಡದೆ ಎರಡು ಪ್ರತ್ಯೇಕ ಪಿಎಎಫ್ ತೆಗೆದು ಕೂಡಿಸಿದರೆ ಒಬ್ಬನೇ ಮನುಷ್ಯ ಎರಡು ಸಲ ಲೆಕ್ಕಕ್ಕೆ ಬರುತ್ತಾನೆ.

ಕಾಲದ ವಿಷಯವೂ ಇದೆ. ಇವತ್ತಿನ ಶ್ವಾಸಕೋಶ ಕ್ಯಾನ್ಸರ್ ದಶಕಗಳ ಹಿಂದಿನ ಸಿಗರೇಟಿನ ಫಲ. ಇವತ್ತಿನ ಪ್ರಮಾಣ ಹಾಕಿದರೆ, ಸೇದುವವರು ಕಡಿಮೆಯಾಗುತ್ತಿರುವ ಕಡೆ ಪಾಲು ಕಡಿಮೆ ತೋರುತ್ತದೆ. ಹಳೆಯ ಸಮೀಕ್ಷೆ ಸಿಗದಿದ್ದಾಗ ಏನು ಮಾಡುವುದು? 1992ರಲ್ಲಿ ರಿಚರ್ಡ್ ಪೀಟೊ, ಅಲನ್ ಲೋಪೆಜ್ ಮತ್ತು ಸಂಗಡಿಗರು ಒಂದು ಅಡ್ಡದಾರಿ ತೋರಿಸಿದರು. ಎಂದೂ ಸೇದದವರಲ್ಲಿ ಇರುವುದಕ್ಕಿಂತ ಆ ದೇಶದ ಶ್ವಾಸಕೋಶ ಕ್ಯಾನ್ಸರ್ ಸಾವು ಎಷ್ಟು ಹೆಚ್ಚಿದೆ ಎಂಬುದನ್ನೇ ಹಿಂದಿನ ಧೂಮಪಾನದ ಅಳತೆಗೋಲಾಗಿ ಬಳಸುವುದು. ಒಲೆಯ ಹೊಗೆಯಿಂದಲೂ ಈ ಕ್ಯಾನ್ಸರ್ ಬರುವ ಪ್ರದೇಶಗಳಲ್ಲಿ ಈ ದಾರಿ ಅಷ್ಟು ಸಲೀಸಲ್ಲ.

ಹಂತ 3: ಮೂಲ ಲೆಕ್ಕ

ಎರಡು ಸೂತ್ರಗಳಿವೆ.

ಲೆವಿನ್ ಸೂತ್ರ, 1953ರದು: ಜನರಲ್ಲಿ ಒಡ್ಡಿಕೆಯ ಪ್ರಮಾಣವನ್ನು (ಆರ್‌ಆರ್ − 1)ರಿಂದ ಗುಣಿಸಿ. ಬಂದದ್ದಕ್ಕೆ 1 ಕೂಡಿಸಿ, ಆ ಮೊತ್ತದಿಂದ ಮೊದಲಿನ ಗುಣಲಬ್ಧವನ್ನು ಭಾಗಿಸಿ.

ಮಿಯೆಟ್ಟಿನೆನ್ ಸೂತ್ರ, 1974ರದು: ರೋಗಿಗಳಲ್ಲಿ ಒಡ್ಡಿಕೆಯ ಪ್ರಮಾಣ × (ಆರ್‌ಆರ್ − 1) ÷ ಆರ್‌ಆರ್.

ಕೈಯಿಂದಲೇ ಮಾಡಿ ನೋಡಲು ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ಕಲೆಹಾಕಿ 1950ರಲ್ಲಿ ಪ್ರಕಟಿಸಿದ ಅಂಕಿಗಳಿಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಅಲ್ಲಿ ಧೂಮಪಾನಿ ಅಂದರೆ ಕನಿಷ್ಠ ಒಂದು ವರ್ಷ ದಿನಕ್ಕೆ ಒಂದಾದರೂ ಸಿಗರೇಟು ಸೇದಿದವರು.

ಹೆಂಗಸರು: ಶ್ವಾಸಕೋಶ ಕ್ಯಾನ್ಸರಿನ 60 ರೋಗಿಗಳಲ್ಲಿ 41 ಮಂದಿ ಸೇದುವವರು, 19 ಮಂದಿ ಸೇದದವರು. ಹೋಲಿಕೆಯ 60 ಮಂದಿಯಲ್ಲಿ 28 ಸೇದುವವರು, 32 ಸೇದದವರು.

ಆಡ್ಸ್ ರೇಶಿಯೋ: (41 × 32) ÷ (19 × 28) = 2.47.

ಲೆವಿನ್: ಹೋಲಿಕೆಯವರಲ್ಲಿ ಪ್ರಮಾಣ 28 ÷ 60 = 0.467. 0.467 × 1.466 = 0.684. 0.684 ÷ 1.684 = 0.406.

ಮಿಯೆಟ್ಟಿನೆನ್: ರೋಗಿಗಳಲ್ಲಿ ಪ್ರಮಾಣ 41 ÷ 60 = 0.683. 0.683 × 1.466 ÷ 2.466 = 0.406.

ಎರಡೂ ಶೇ 40.6. ಹೊಂದಾಣಿಕೆ ಮಾಡದ ಕಚ್ಚಾ ಅಂಕಿಯಲ್ಲಿ ಎರಡೂ ಹೀಗೆ ಒಂದೇ ಆಗಲೇಬೇಕು. ಆಗದಿದ್ದರೆ ಎಲ್ಲೋ ಕೂಡು-ಕಳೆ ತಪ್ಪಿದೆ. ಇನ್ನೊಂದು ಪರೀಕ್ಷೆ: ಸೇದದವರ ಪಾಲು ರೋಗಿಗಳಲ್ಲಿ 19/60, ಹೋಲಿಕೆಯವರಲ್ಲಿ 32/60. 1 − 19/32 = 0.406.

ಗಂಡಸರು: 649 ರೋಗಿಗಳಲ್ಲಿ 647 ಸೇದುವವರು, ಸೇದದವರು 2. ಹೋಲಿಕೆಯ 649ರಲ್ಲಿ 622 ಸೇದುವವರು, ಸೇದದವರು 27. ಪಿಎಎಫ್ 1 − 2/27, ಅಂದರೆ ಶೇ 92.6.

ಇಲ್ಲಿ ಹೋಲಿಕೆಯವರು ಬೇರೆ ಕಾಯಿಲೆಗಳಿಂದ ಅದೇ ಆಸ್ಪತ್ರೆಗಳಿಗೆ ಬಂದಿದ್ದವರು. ಅವರಲ್ಲಿ ಕೆಲವರ ಕಾಯಿಲೆಗೂ ಸಿಗರೇಟಿನ ನಂಟಿದ್ದೀತು ಎಂಬುದು ಆಗ ಗೊತ್ತಿರಲಿಲ್ಲ. ಹಾಗಿದ್ದರೆ ಅವರಲ್ಲಿ ಸೇದುವವರ ಪ್ರಮಾಣ ಹೊರಗಿನ ಜನರಿಗಿಂತ ಹೆಚ್ಚು, ಪಾಲಿನ ಅಂದಾಜು ಅಷ್ಟು ಕಡಿಮೆ. ನಿಮ್ಮದು ಆಸ್ಪತ್ರೆಯ ಅಧ್ಯಯನವಾದರೆ ಹೋಲಿಕೆಗೆ ಹೃದ್ರೋಗ ಅಥವಾ ಉಸಿರಾಟದ ವಾರ್ಡಿನವರನ್ನು ತೆಗೆದುಕೊಳ್ಳಬೇಡಿ.

ಸೇದುವ ಪ್ರಮಾಣದ ಮೇಲೆ ಗುಂಪು ಮಾಡಿದರೆ ಚಿತ್ರ ಇನ್ನಷ್ಟು ಸ್ವಾರಸ್ಯ. ಗಂಡಸರಲ್ಲಿ ದಿನಕ್ಕೆ 5ರಿಂದ 14 ಸಿಗರೇಟು ಸೇದುತ್ತಿದ್ದ ರೋಗಿಗಳು 250, ಹೋಲಿಕೆಯವರು 293. ಸೇದದವರಿಗೆ ಹೋಲಿಸಿದರೆ ಆಡ್ಸ್ ರೇಶಿಯೋ 11.5. ದಿನಕ್ಕೆ 50ರ ಮೇಲೆ ಸೇದುತ್ತಿದ್ದವರು 32 ಮತ್ತು 13, ಆಡ್ಸ್ ರೇಶಿಯೋ 33.2. ಆದರೆ ಮಿಯೆಟ್ಟಿನೆನ್ ಸೂತ್ರವನ್ನು ಗುಂಪು ಗುಂಪಿಗೆ ಹಾಕಿದಾಗ ಮೊದಲ ಗುಂಪಿನ ಕೊಡುಗೆ ಶೇ 35.2, ಕೊನೆಯದರದ್ದು ಶೇ 4.8 ಮಾತ್ರ. ವಿಪರೀತ ಸೇದುವವರು ಕೆಲವೇ ಮಂದಿ, ಮಧ್ಯಮರು ಬಹಳ. ಐದೂ ಗುಂಪಿನ ಕೊಡುಗೆ ಕೂಡಿಸಿದರೆ ಮತ್ತೆ ಅದೇ ಶೇ 92.6. ಲೆವಿನ್ ಸೂತ್ರದಲ್ಲಿ ಇದನ್ನು ಮಾಡುವುದಾದರೆ ಛೇದದಲ್ಲಿ ಎಲ್ಲ ಗುಂಪುಗಳ ಗುಣಲಬ್ಧದ ಮೊತ್ತ ಇರಬೇಕು. ಒಂದೊಂದು ಗುಂಪಿಗೂ ಪ್ರತ್ಯೇಕ ಲೆವಿನ್ ಹಾಕಿ ಕೂಡಿಸುವುದು ಎಕ್ಸೆಲ್ ಹಾಳೆಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು. ಮೊತ್ತ ಶೇ 100 ದಾಟಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಹಂತ 4: ಕನ್‌ಫೌಂಡರ್ ಇದ್ದಾಗ ಸೂತ್ರ ಆರಿಸುವುದು

ಕನ್‌ಫೌಂಡರ್ ಅಂದರೆ ಒಡ್ಡಿಕೆಗೂ ಕಾಯಿಲೆಗೂ ಎರಡಕ್ಕೂ ನಂಟಿರುವ ಮೂರನೆಯ ಸಂಗತಿ. ವಯಸ್ಸು ಅದರಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಪ್ರಕಟವಾದ ಪ್ರಬಂಧಗಳಲ್ಲಿ ಸಿಗುವ ಆರ್‌ಆರ್ ಸಾಮಾನ್ಯವಾಗಿ ವಯಸ್ಸು, ಲಿಂಗ, ಮದ್ಯ ಮುಂತಾದವುಗಳಿಗೆ ಹೊಂದಿಸಿದ್ದು, ಅಂದರೆ ಅವುಗಳ ಪ್ರಭಾವ ಕಳೆದು ತೆಗೆದದ್ದು. ಆ ಆರ್‌ಆರ್ ತಂದು ಲೆವಿನ್ ಸೂತ್ರಕ್ಕೆ ಹಾಕಬಾರದು. ಯಾಕೆಂದು ಒಂದು ಕಲ್ಪಿತ ಊರಿನ ಲೆಕ್ಕದಲ್ಲಿ ನೋಡಿ.

ಕಿರಿಯರು 1000. ಅವರಲ್ಲಿ 200 ಮಂದಿ ಒಡ್ಡಿಕೊಂಡವರು. ಒಡ್ಡಿಕೊಳ್ಳದವರ ಅಪಾಯ ಶೇ 1, ಒಡ್ಡಿಕೊಂಡವರದ್ದು ಶೇ 3. ರೋಗಿಗಳು: ಒಡ್ಡಿಕೊಳ್ಳದ 8, ಒಡ್ಡಿಕೊಂಡ 6.

ಹಿರಿಯರು 1000. ಅವರಲ್ಲಿ 600 ಮಂದಿ ಒಡ್ಡಿಕೊಂಡವರು. ಅಪಾಯ ಶೇ 10 ಮತ್ತು ಶೇ 30. ರೋಗಿಗಳು: ಒಡ್ಡಿಕೊಳ್ಳದ 40, ಒಡ್ಡಿಕೊಂಡ 180.

ಒಟ್ಟು ರೋಗಿಗಳು 234. ಒಡ್ಡಿಕೆ ಇಲ್ಲದಿದ್ದರೆ ಕಿರಿಯರಲ್ಲಿ 4, ಹಿರಿಯರಲ್ಲಿ 120, ಒಟ್ಟು 124 ಮಂದಿಗೆ ಕಾಯಿಲೆ ಬರುತ್ತಿರಲಿಲ್ಲ. ಸರಿಯಾದ ಪಾಲು 124 ÷ 234, ಶೇ 53.0.

ಈಗ ಸೂತ್ರಗಳು ಏನು ಹೇಳುತ್ತವೆ? ವಯಸ್ಸನ್ನು ಕಡೆಗಣಿಸಿದರೆ ಕಚ್ಚಾ ಆರ್‌ಆರ್ 5.81, ಲೆವಿನ್ ಕೊಡುವುದು ಶೇ 65.8. ವಯಸ್ಸಿಗೆ ಹೊಂದಿಸಿದ ಆರ್‌ಆರ್ 3ನ್ನು ಒಟ್ಟು ಪ್ರಮಾಣ 0.4ರ ಜೊತೆ ಲೆವಿನ್‌ಗೆ ಹಾಕಿದರೆ ಶೇ 44.4. ರೋಗಿಗಳಲ್ಲಿ ಒಡ್ಡಿಕೆ 186 ÷ 234 = 0.795. ಅದನ್ನು ಆರ್‌ಆರ್ 3ರ ಜೊತೆ ಮಿಯೆಟ್ಟಿನೆನ್‌ಗೆ ಹಾಕಿದರೆ ಶೇ 53.0, ಸರಿಯಾಗಿ ಬಂತು.

ಹೊಂದಿಸಿದ ಆರ್‌ಆರ್, ಜನರ ಒಟ್ಟು ಪ್ರಮಾಣ, ಲೆವಿನ್ ಸೂತ್ರ: ಈ ಮೂರರ ಕೂಟ ಪ್ರಕಟವಾದ ಪ್ರಬಂಧಗಳಲ್ಲೂ ಬಹಳ ಕಾಣುತ್ತದೆ. ತಪ್ಪು ಎತ್ತ ವಾಲುತ್ತದೆ ಎಂಬುದು ಕನ್‌ಫೌಂಡರ್ ಯಾವ ದಿಕ್ಕಿನದು ಅನ್ನುವುದರ ಮೇಲಿದೆ. ಮೇಲಿನ ಊರಿನಲ್ಲಿ ಕಡಿಮೆ ತೋರಿತು, ಇನ್ನೊಂದರಲ್ಲಿ ಹೆಚ್ಚು ತೋರೀತು. ರೋಗಿಗಳಲ್ಲಿ ಒಡ್ಡಿಕೆಯ ಅಂಕಿ ನಿಮ್ಮ ಬಳಿ ಇಲ್ಲದಿದ್ದರೆ ವಯಸ್ಸು-ಲಿಂಗದ ಪ್ರತಿ ಗುಂಪಿಗೂ ಬೇರೆ ಬೇರೆ ಲೆವಿನ್ ಹಾಕಿ. ಆಮೇಲೆ ರೋಗಿಗಳ ಸಂಖ್ಯೆಯ ತೂಕ ಕೊಟ್ಟು ಸರಾಸರಿ ತೆಗೆಯಿರಿ. ತೂಕ ರೋಗಿಗಳದ್ದು, ಜನಸಂಖ್ಯೆಯದ್ದಲ್ಲ! ಮೇಲಿನ ಊರಿನಲ್ಲಿ ಕಿರಿಯರ ಪಿಎಎಫ್ 4/14, ಹಿರಿಯರದ್ದು 120/220. ಇವಕ್ಕೆ 14 ಮತ್ತು 220ರ ತೂಕ ಕೊಟ್ಟರೆ ಶೇ 53.0 ಬರುತ್ತದೆ. ಜನಸಂಖ್ಯೆಯ ಸಮತೂಕ ಕೊಟ್ಟರೆ ಶೇ 41.6ಕ್ಕೆ ಇಳಿಯುತ್ತದೆ.

ಹಂತ 5: ಆಡ್ಸ್ ರೇಶಿಯೋವನ್ನು ಆರ್‌ಆರ್ ಎಂದುಕೊಳ್ಳುವ ಮುನ್ನ

ಕ್ಯಾನ್ಸರಿನಂಥ ಅಪರೂಪದ ಕಾಯಿಲೆಗೆ ತೊಂದರೆ ಇಲ್ಲ. ರಕ್ತದೊತ್ತಡ, ರಕ್ತಹೀನತೆಯಂಥ ಬಹಳ ಜನರಿಗೆ ಇರುವ ಸ್ಥಿತಿಗೆ ಇದೆ. ಒಂದು ಗುಂಪಿನಲ್ಲಿ ಶೇ 40, ಇನ್ನೊಂದರಲ್ಲಿ ಶೇ 20 ಮಂದಿಗೆ ಕಾಯಿಲೆ ಇದ್ದರೆ ಆರ್‌ಆರ್ 2, ಆಡ್ಸ್ ರೇಶಿಯೋ 2.67. ಒಡ್ಡಿಕೊಂಡವರಲ್ಲಿನ ಪಾಲು ಶೇ 50 ಆಗಬೇಕಾದದ್ದು ಶೇ 62.5 ಆಗಿಬಿಡುತ್ತದೆ. ಸಮೀಕ್ಷೆಯ ದತ್ತಾಂಶವಾದರೆ ಲಾಜಿಸ್ಟಿಕ್ ಬದಲು ರೋಬಸ್ಟ್ ವೇರಿಯನ್ಸ್ ಹಾಕಿದ ಪ್ವಾಸಾನ್ ರಿಗ್ರೆಶನ್ ಬಳಸಿ, ನೇರವಾಗಿ ಅನುಪಾತ ಸಿಗುತ್ತದೆ.

ಹಂತ 6: ಕಾನ್ಫಿಡೆನ್ಸ್ ಇಂಟರ್ವಲ್ ಹಾಕದೆ ಸಂಖ್ಯೆ ಕೊಡಬೇಡಿ

ಕಾನ್ಫಿಡೆನ್ಸ್ ಇಂಟರ್ವಲ್ ಅಂದರೆ ಅಂದಾಜು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ತೋರಿಸುವ ವ್ಯಾಪ್ತಿ, ಸಾಮಾನ್ಯವಾಗಿ ಶೇ 95ರದು. ಕೇಸ್–ಕಂಟ್ರೋಲ್ ಅಂಕಿಗೆ ಅದನ್ನು ಕೈಯಲ್ಲೇ ಮಾಡಬಹುದಾದ ವಿಧಾನವಿದೆ. (1 − ಪಿಎಎಫ್)ನ ನ್ಯಾಚುರಲ್ ಲಾಗ್ ತೆಗೆದುಕೊಳ್ಳಿ. ಒಡ್ಡಿಕೊಂಡ ರೋಗಿಗಳ ಸಂಖ್ಯೆಯನ್ನು, ಒಡ್ಡಿಕೊಳ್ಳದ ರೋಗಿಗಳು × ಒಟ್ಟು ರೋಗಿಗಳು ಎಂಬ ಗುಣಲಬ್ಧದಿಂದ ಭಾಗಿಸಿ. ಹೋಲಿಕೆಯವರಿಗೂ ಹಾಗೇ ಮಾಡಿ ಎರಡನ್ನೂ ಕೂಡಿಸಿ. ವರ್ಗಮೂಲ ತೆಗೆದರೆ ಸ್ಟ್ಯಾಂಡರ್ಡ್ ಎರರ್.

ಹೆಂಗಸರಿಗೆ: 41 ÷ (19 × 60) = 0.0360. 28 ÷ (32 × 60) = 0.0146. ಮೊತ್ತ 0.0505, ವರ್ಗಮೂಲ 0.225. ಲಾಗ್ −0.521ಕ್ಕೆ 1.96 × 0.225ನ್ನು ಕೂಡಿಸಿ, ಕಳೆದು, ಲಾಗ್ ಬಿಡಿಸಿ, 1ರಿಂದ ಕಳೆದರೆ ಶೇ 7.7ರಿಂದ ಶೇ 61.8. ಶೇ 40.6 ಎಂಬ ಒಂಟಿ ಸಂಖ್ಯೆ ಎಷ್ಟು ಸಡಿಲ ನೆಲದ ಮೇಲೆ ನಿಂತಿತ್ತು ಎಂಬುದು ಈಗ ಗೊತ್ತಾಗುತ್ತದೆ. ಗಂಡಸರಲ್ಲಿ 1298 ಮಂದಿ ಇದ್ದರೂ ಶೇ 69.0ರಿಂದ 98.2ರವರೆಗೆ ಹರಡಿದೆ, ಕಾರಣ ಸೇದದ ರೋಗಿಗಳು ಇಬ್ಬರೇ. ಇಡೀ ಲೆಕ್ಕದ ಬಿಗಿ ಕೋಷ್ಟಕದ ಆ ಚಿಕ್ಕ ಕೋಶದ ಕೈಯಲ್ಲಿದೆ.

ಡಾಲ್ ಮತ್ತು ಹಿಲ್ ಪ್ರತಿ ರೋಗಿಗೂ ವಯಸ್ಸು-ಲಿಂಗ ಹೊಂದುವ ಒಬ್ಬರನ್ನು ಜೋಡಿಸಿದ್ದರು. ಜೋಡಿಸಿದ ಅಧ್ಯಯನಕ್ಕೆ ಮೇಲಿನ ಲೆಕ್ಕ ಅಂದಾಜಷ್ಟೇ. ನಿಮ್ಮ ಪ್ರಬಂಧಕ್ಕೆ ಕಂಡಿಶನಲ್ ಲಾಜಿಸ್ಟಿಕ್ ರಿಗ್ರೆಶನ್ ಆದ ಮೇಲೆ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದ ಎಎಫ್ ಪ್ಯಾಕೇಜ್ ಅಥವಾ ಬೂಟ್‌ಸ್ಟ್ರ್ಯಾಪ್ ಬಳಸಿ. ಆರ್‌ಆರ್ ಒಂದು ಪ್ರಬಂಧದ್ದು, ಪ್ರಮಾಣ ಇನ್ನೊಂದು ಸಮೀಕ್ಷೆಯದ್ದು ಆದಾಗ ಎರಡರ ಅನಿಶ್ಚಿತತೆಯನ್ನೂ ಸೇರಿಸಬೇಕು. ಎರಡರಿಂದಲೂ 10,000 ಸಲ ಯಾದೃಚ್ಛಿಕವಾಗಿ ಸಂಖ್ಯೆ ತೆಗೆದು ಪ್ರತಿ ಸಲ ಪಿಎಎಫ್ ಲೆಕ್ಕ ಹಾಕಿ. 2.5 ಮತ್ತು 97.5ನೇ ಪರ್ಸೆಂಟೈಲ್ ನಡುವಿನದೇ ಇಂಟರ್ವಲ್. ಆರ್‌ಆರ್‌ನ ಸಂಖ್ಯೆಗಳನ್ನು ಲಾಗ್ ಮಾಪನದಲ್ಲಿ ತೆಗೆಯಿರಿ.

ಹಂತ 7: ಎರಡು ಕಾರಣಗಳ ಪಾಲು ಕೂಡಿಸಬೇಡಿ

ಕಲ್ನಾರು ಕೆಲಸಗಾರರ ಮೇಲೆ ಹ್ಯಾಮಂಡ್, ಸೆಲಿಕಾಫ್ ಮತ್ತು ಸೀಡ್‌ಮನ್ 1979ರಲ್ಲಿ ಕೊಟ್ಟ ಅಂಕಿ ಇದಕ್ಕೆ ಸರಿಯಾದ ಉದಾಹರಣೆ. ಶ್ವಾಸಕೋಶ ಕ್ಯಾನ್ಸರಿನ ಸಾವು, ಒಂದು ಲಕ್ಷ ವ್ಯಕ್ತಿ-ವರ್ಷಕ್ಕೆ (ಒಬ್ಬರನ್ನು ಒಂದು ವರ್ಷ ಗಮನಿಸಿದರೆ ಒಂದು ವ್ಯಕ್ತಿ-ವರ್ಷ): ಕಲ್ನಾರೂ ಇಲ್ಲ, ಸಿಗರೇಟೂ ಇಲ್ಲ ಅಂದರೆ 11.3. ಕಲ್ನಾರು ಮಾತ್ರ 58.4. ಸಿಗರೇಟು ಮಾತ್ರ 122.6. ಎರಡೂ ಇದ್ದರೆ 601.6.

ಎರಡಕ್ಕೂ ಒಡ್ಡಿಕೊಂಡ ಗುಂಪನ್ನು ನೋಡಿ. ಕಲ್ನಾರು ಇಲ್ಲದಿದ್ದರೆ 601.6 ಇಳಿದು 122.6 ಆಗುತ್ತಿತ್ತು, ಅಂದರೆ ಕಲ್ನಾರಿನ ಪಾಲು ಶೇ 79.6. ಸಿಗರೇಟು ಇಲ್ಲದಿದ್ದರೆ 58.4 ಆಗುತ್ತಿತ್ತು, ಪಾಲು ಶೇ 90.3. ಮೊತ್ತ ಶೇ 170. ಲೆಕ್ಕ ತಪ್ಪಿಲ್ಲ. ಬಹಳಷ್ಟು ಸಾವುಗಳಿಗೆ ಎರಡೂ ಬೇಕಿದ್ದವು, ಯಾವುದೇ ಒಂದನ್ನು ತೆಗೆದಿದ್ದರೂ ಅವು ಆಗುತ್ತಿರಲಿಲ್ಲ. ಆದ್ದರಿಂದ "ತಂಬಾಕು ಶೇ 60, ಮದ್ಯ ಶೇ 30, ಉಳಿದ ಶೇ 10 ಬೇರೆ ಕಾರಣ" ಎಂದು ಕಡುಬಿನ ಹಾಗೆ ಹೋಳು ಮಾಡಿ ಪೈ ಚಾರ್ಟ್ ಬಿಡಿಸುವುದು ತಪ್ಪು. ಎರಡೂ ಒಡ್ಡಿಕೆಗಳು ಜನರಲ್ಲಿ ಒಂದಕ್ಕೊಂದು ನಂಟಿಲ್ಲದೆ ಹಂಚಿಕೆಯಾಗಿದ್ದು, ಆರ್‌ಆರ್‌ಗಳು ಪರಸ್ಪರ ಗುಣಿಸುವಂತಿದ್ದರೆ ಮಾತ್ರ ಒಟ್ಟು ಪಾಲಿಗೆ ಒಂದು ಸೂತ್ರವಿದೆ: 1 − (1 − ಮೊದಲ ಪಿಎಎಫ್) × (1 − ಎರಡನೇ ಪಿಎಎಫ್). ಗುಟ್ಕಾ ಮತ್ತು ಮದ್ಯದಂತೆ ಒಟ್ಟಿಗೇ ಹೋಗುವ ಅಭ್ಯಾಸಗಳಾದರೆ ಹಂತ 2ರಲ್ಲಿ ಮಾಡಿದಂತೆ ಗುಂಪು ಬಿಡಿಸಿ ನೇರ ಲೆಕ್ಕ ಹಾಕಿ.

ಹಂತ 8: ವರದಿಯಲ್ಲಿ ಬರೆಯುವುದು

ಪಿಎಎಫ್‌ನಿಂದ ರೋಗಿಗಳ ಸಂಖ್ಯೆ ತೆಗೆಯುವುದಾದರೆ ಅದೇ ಪ್ರದೇಶ, ಅದೇ ಲಿಂಗ, ಅದೇ ವಯಸ್ಸಿನ ರೋಗಿಗಳ ಸಂಖ್ಯೆಗೆ ಗುಣಿಸಿ. ಬೆಂಗಳೂರಿನ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿಯ ಸಂಖ್ಯೆಗೆ ಇಡೀ ರಾಜ್ಯದ ತಂಬಾಕು ಪ್ರಮಾಣ ಹೊಂದುವುದಿಲ್ಲ, ನಗರದ ಬಳಕೆ ಹಳ್ಳಿಯದ್ದರಂತಿಲ್ಲ.

ವಾಕ್ಯ ಹೀಗಿರಲಿ: "ಈ ಅಧ್ಯಯನದ ಹೆಂಗಸರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸುಮಾರು ಶೇ 41 ಧೂಮಪಾನಕ್ಕೆ ಸೇರಿದ್ದು, ಇಂಟರ್ವಲ್ ಶೇ 8ರಿಂದ 62, ಹೋಲಿಕೆ ಎಂದೂ ಸೇದದವರೊಂದಿಗೆ." "ಸೇದುವ ಹೆಂಗಸರಲ್ಲಿ ಶೇ 41 ಮಂದಿಗೆ ಕ್ಯಾನ್ಸರ್ ಬರುತ್ತದೆ" ಎಂದು ಯಾರೂ ಓದದಂತೆ ನೋಡಿಕೊಳ್ಳಿ. ಪತ್ರಿಕೆಗಳಲ್ಲಿ ಈ ಅಪಭ್ರಂಶ ಆಗಾಗ ಕಾಣುತ್ತದೆ. ಒಬ್ಬ ರೋಗಿಯ ವಿಷಯದಲ್ಲೂ ಈ ಸಂಖ್ಯೆ ಬಳಸಬೇಡಿ. ಪರಿಹಾರದ ಮೊಕದ್ದಮೆಗಳಲ್ಲಿ ಆರ್‌ಆರ್ 2 ದಾಟಿದರೆ "ಕಾರಣ ಇದೇ ಎಂಬ ಸಂಭವ ಅರ್ಧಕ್ಕಿಂತ ಹೆಚ್ಚು" ಎಂದು ವಾದಿಸುವವರಿದ್ದಾರೆ. ಆದರೆ ಒಡ್ಡಿಕೆಯು ಹೇಗೂ ಬರಲಿದ್ದ ಕಾಯಿಲೆಯನ್ನು ಕೆಲವರಲ್ಲಿ ಮುಂಚಿತವಾಗಿ ತಂದಿರಬಹುದು. ಅಂಥವರು ಹೆಚ್ಚುವರಿ ರೋಗಿಗಳ ಎಣಿಕೆಗೆ ಬರುವುದೇ ಇಲ್ಲ. ಗ್ರೀನ್‌ಲ್ಯಾಂಡ್ ಮತ್ತು ರಾಬಿನ್ಸ್ 1988ರಲ್ಲೇ ಇದನ್ನು ತೋರಿಸಿದ್ದಾರೆ. ಆರ್‌ಆರ್ 1.5 ಇದ್ದಾಗಲೂ ಒಬ್ಬ ಕೆಲಸಗಾರನ ಕಾಯಿಲೆಗೆ ಕೆಲಸದ ಜಾಗದ ಧೂಳೇ ಕಾರಣವಾಗಿರುವ ಸಂಭವ ಅರ್ಧಕ್ಕಿಂತ ಹೆಚ್ಚಿರಬಹುದು. ಆ ಸಂಭವವನ್ನು ರೋಗಿಗಳ ಎಣಿಕೆಯೊಂದರಿಂದಲೇ ಹೇಳಲಾಗದು.